ಜಗಳ ಬಿದ್ದ ಕಂಪನಿ: ಮುಚ್ಚಿಸಬೇಕಾ, ಪಾಲಿನ ದುಡ್ಡು ಪಡೆದು ಹೊರಬರಬೇಕಾ?

‘ಮೇಡಂ, ಇನ್ನು ಸಾಕು. ಕಂಪನಿಯನ್ನೇ ಮುಚ್ಚಿಸಿಬಿಡೋಣ.’

ಕಂಪನಿ ಸೆಕ್ರೆಟರಿಯಾಗಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹೇಳುವವರು ಹೆಚ್ಚಾಗಿ ಆ ಕಂಪನಿಯನ್ನು ಕೈಯಾರೆ ಕಟ್ಟಿದವರೇ. ಮನೆಪತ್ರ ಬ್ಯಾಂಕಿನಲ್ಲಿಟ್ಟು ಸಾಲ ತಂದವರು, ಮೊದಲ ಮೂರು ವರ್ಷ ಸಂಬಳ ಮುಟ್ಟದವರು. ಈಗ ಅವರನ್ನು ಅವರದೇ ಆಫೀಸಿನ ಬಾಗಿಲಲ್ಲಿ ನಿಲ್ಲಿಸಿದ್ದಾರೆ. ಸಿಟ್ಟು ಬರುವುದು ಸಹಜ. ಆದರೆ ಸಿಟ್ಟಿನಲ್ಲಿ ಆರಿಸಿದ ದಾರಿ ತಪ್ಪಾದರೆ, ಕೆಲವು ವರ್ಷಗಳ ನಂತರ ಕಂಪನಿಯೂ ಇರುವುದಿಲ್ಲ, ದುಡ್ಡೂ ಕೈಗೆ ಬಂದಿರುವುದಿಲ್ಲ.

ಭಾರತದ ಕಾನೂನಿನಲ್ಲಿ ಇಂಥವರ ಮುಂದೆ ಮುಖ್ಯವಾಗಿ ಎರಡು ದೊಡ್ಡ ದಾರಿಗಳಿವೆ. ಒಂದು, 2013ರ ಕಂಪನಿ ಕಾಯಿದೆಯ 271ನೇ ಸೆಕ್ಷನ್ ಪ್ರಕಾರ ‘ಕಂಪನಿಯನ್ನು ಮುಚ್ಚಿ’ ಎಂದು ಎನ್‌ಸಿಎಲ್‌ಟಿಯನ್ನು, ಅಂದರೆ ಕಂಪನಿ ವ್ಯಾಜ್ಯಗಳನ್ನು ತೀರ್ಮಾನಿಸುವ ರಾಷ್ಟ್ರೀಯ ಟ್ರಿಬ್ಯುನಲ್ ಅನ್ನು, ಕೇಳುವುದು. ಎರಡು, 241 ಮತ್ತು 242ನೇ ಸೆಕ್ಷನ್ ಪ್ರಕಾರ ‘ನನ್ನ ಮೇಲೆ ದಬ್ಬಾಳಿಕೆ ನಡೆಯುತ್ತಿದೆ, ಕಂಪನಿಯಲ್ಲಿ ದುರಾಡಳಿತ ಇದೆ, ಸರಿ ಮಾಡಿಕೊಡಿ’ ಎಂದು ಕೇಳುವುದು. ಇವುಗಳ ಅಕ್ಕಪಕ್ಕ ಸಣ್ಣ ಸಣ್ಣ ದಾರಿಗಳೂ ಇವೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ನಡೆಯುತ್ತಿರುವ, ಲಾಭದಲ್ಲಿರುವ ಕಂಪನಿಗೆ ಮುಚ್ಚಿಸುವ ದಾರಿ ಕೊನೆಯದು. ಆದರೂ ಮುಚ್ಚಿಸಲು ಬೇಕಾದ ಕಾರಣಗಳನ್ನು ಚೆನ್ನಾಗಿ ತಿಳಿದಿರಲೇಬೇಕು. ಯಾಕೆ ಅಂದರೆ, ಎರಡನೇ ದಾರಿಯ ಬೀಗಕ್ಕೂ ಅದೇ ಕೀಲಿ ಬೇಕು. ಅದು ಹೇಗೆ ಅಂತ ಮುಂದೆ ನೋಡೋಣ.

ಮಾತಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಅಣ್ಣನಿಗೆ 60 ಪಾಲು, ತಮ್ಮನಿಗೆ 40. ಇಪ್ಪತ್ತು ವರ್ಷ ಇಬ್ಬರೂ ಒಟ್ಟಿಗೆ ದುಡಿದರು. ಆಮೇಲೆ ಅಣ್ಣನ ಮಗ ಬಂದ, ಡೈರೆಕ್ಟರ್ ಆದ. ಒಂದು ದಿನ ಮೀಟಿಂಗ್ ಕರೆದು ತಮ್ಮನನ್ನು ಡೈರೆಕ್ಟರ್ ಸ್ಥಾನದಿಂದ ತೆಗೆದರು. ಡಿವಿಡೆಂಡ್, ಅಂದರೆ ಷೇರುದಾರರಿಗೆ ಕೊಡುವ ಲಾಭದ ಪಾಲು, ಯಾವತ್ತೂ ಹಂಚಿದ್ದಿಲ್ಲ. ಬರುವ ಲಾಭವೆಲ್ಲ ಡೈರೆಕ್ಟರುಗಳ ಸಂಬಳವಾಗಿ ಹೋಗುತ್ತದೆ. ಹಾಗಾಗಿ ತಮ್ಮನ ಹತ್ತಿರ ಈಗ ಉಳಿದಿರುವುದು ಷೇರು ಸರ್ಟಿಫಿಕೇಟ್ ಮಾತ್ರ. ಅದನ್ನು ಹೊರಗಿನವರು ಯಾರೂ ಕೊಳ್ಳುವುದಿಲ್ಲ, ಕೊಂಡರೂ ಬೋರ್ಡ್ ಒಪ್ಪಬೇಕು.

ಮುಚ್ಚಿಸಲು ಕಾಯಿದೆ ಕೊಡುವ ಐದು ಕಾರಣಗಳು

271ನೇ ಸೆಕ್ಷನ್‌ನಲ್ಲಿ ಐದು ಕಾರಣಗಳಿವೆ. ಷೇರುದಾರರೇ ವಿಶೇಷ ನಿರ್ಣಯ ಮಾಡಿ ಟ್ರಿಬ್ಯುನಲ್‌ಗೆ ಬರುವುದು ಮೊದಲನೆಯದು. ದೇಶದ ಸಾರ್ವಭೌಮತೆ, ಭದ್ರತೆಗೆ ವಿರುದ್ಧವಾಗಿ ನಡೆದದ್ದು ಎರಡನೆಯದು. ಮೋಸದ ವ್ಯವಹಾರ ಮೂರನೆಯದು. ಸತತ ಐದು ವರ್ಷ ಲೆಕ್ಕಪತ್ರ ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸದೆ ಇರುವುದು ನಾಲ್ಕನೆಯದು. ಕೊನೆಯದು, ‘ಮುಚ್ಚುವುದೇ ನ್ಯಾಯ, ಅದೇ ಸಮಂಜಸ’ ಎಂದು ಟ್ರಿಬ್ಯುನಲ್‌ಗೆ ಅನ್ನಿಸುವುದು. ಸಾಲ ತೀರಿಸಲಾಗದ ಕಂಪನಿಯ ವಿಷಯ ಮೊದಲು ಇದೇ ಪಟ್ಟಿಯಲ್ಲಿತ್ತು. 2016ರ ದಿವಾಳಿ ಸಂಹಿತೆ ಬಂದ ಮೇಲೆ ಅಲ್ಲಿಗೆ ಹೋಯಿತು.

ಪಟ್ಟಿ ಉದ್ದ ಕಂಡರೂ ನಮ್ಮ ತಮ್ಮನಿಗೆ ಇದರಲ್ಲಿ ದಕ್ಕುವುದು ಕಡಿಮೆ. ವಿಶೇಷ ನಿರ್ಣಯಕ್ಕೆ ಮುಕ್ಕಾಲು ಭಾಗ ಮತ ಬೇಕು, ಅವನ ಹತ್ತಿರ ನಲವತ್ತು ಮಾತ್ರ ಇದೆ. ‘ಅಣ್ಣ ಮೋಸ ಮಾಡಿದ್ದಾನೆ, ಮೂರನೇ ಕಾರಣ ಹಿಡಿದು ಹೋಗೋಣ’ ಅಂತ ತುಂಬ ಜನ ಹೇಳುತ್ತಾರೆ. ಆ ಬಾಗಿಲು ಷೇರುದಾರನಿಗೆ ತೆರೆದಿಲ್ಲ. ಅದರಡಿ ಅರ್ಜಿ ಹಾಕಬೇಕಾದವರು ಕಂಪನಿ ರಿಜಿಸ್ಟ್ರಾರ್ ಅಥವಾ ಕೇಂದ್ರ ಸರ್ಕಾರ ಅಧಿಕಾರ ಕೊಟ್ಟವರು. ಬೆಂಗಳೂರಿನ ದೇವಾಸ್ ಮಲ್ಟಿಮೀಡಿಯಾ ಮುಚ್ಚಿದ್ದು ಹೀಗೆಯೇ. ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಕೇಂದ್ರದ ಒಪ್ಪಿಗೆ ಪಡೆದು ಅರ್ಜಿ ಹಾಕಿತು. 2021ರ ಮೇ ತಿಂಗಳಲ್ಲಿ ಎನ್‌ಸಿಎಲ್‌ಟಿಯ ಬೆಂಗಳೂರು ಪೀಠ ಮುಚ್ಚಲು ಆದೇಶಿಸಿತು, 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ಸರ್ಕಾರದ ಸಂಸ್ಥೆಯೊಂದಿಗಿನ ಒಪ್ಪಂದದ ಕಥೆ, ಮನೆಜಗಳದ್ದಲ್ಲ.

ನಾಲ್ಕನೇ ಕಾರಣ ಕೆಲವು ಸಲ ಉಪಯೋಗಕ್ಕೆ ಬರುತ್ತದೆ. ಜಗಳ ಶುರುವಾದ ಮೇಲೆ ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕಲು ಯಾರೂ ಒಪ್ಪದೆ ವರ್ಷಗಟ್ಟಲೆ ಫೈಲಿಂಗ್ ನಿಂತುಹೋದ ಕಂಪನಿಗಳಿವೆ. ಆದರೆ ಐದು ವರ್ಷ ಕಾಯಬೇಕು. ಅಷ್ಟರಲ್ಲಿ ಡೈರೆಕ್ಟರಿಗೇ ಪೆಟ್ಟು ಬಿದ್ದಿರುತ್ತದೆ. ಸತತ ಮೂರು ವರ್ಷ ಫೈಲ್ ಮಾಡದ ಕಂಪನಿಯ ಡೈರೆಕ್ಟರುಗಳು ಐದು ವರ್ಷ ಅನರ್ಹರಾಗುತ್ತಾರೆ.

ಹಾಗಾಗಿ ಒಳಜಗಳಕ್ಕೆ ಉಳಿಯುವುದು ಕೊನೆಯ ಕಾರಣ, ನ್ಯಾಯ ಮತ್ತು ಸಮಂಜಸ.

ಯಾವ ಜಗಳ ಸಾಕು, ಯಾವುದು ಸಾಲದು?

‘ನ್ಯಾಯ ಮತ್ತು ಸಮಂಜಸ’ ಅನ್ನುವ ಮಾತಿಗೆ ಕಾಯಿದೆಯಲ್ಲಿ ಅರ್ಥ ಬರೆದಿಲ್ಲ. ಅರ್ಥ ಬಂದಿರುವುದು ಹಳೆಯ ಕೇಸುಗಳಿಂದ. ಅವುಗಳಲ್ಲಿ ಎರಡು ಇಂಗ್ಲೆಂಡಿನವು, ನಮ್ಮ ಕೋರ್ಟುಗಳೂ ಇವತ್ತಿಗೂ ಅವನ್ನು ಎತ್ತಿ ಮಾತಾಡುತ್ತವೆ.

1916ರ ಯೆನಿಜೆ ಟೊಬ್ಯಾಕೋ ಕೇಸಿನಲ್ಲಿ ಇಬ್ಬರು ಸಿಗರೇಟು ತಯಾರಕರು ತಮ್ಮ ವ್ಯಾಪಾರ ಸೇರಿಸಿ ಒಂದು ಕಂಪನಿ ಮಾಡಿದ್ದರು. ಇಬ್ಬರಿಗೂ ಸಮ ಅಧಿಕಾರ. ಆಮೇಲೆ ಮಾತು ಬಿಟ್ಟರು. ಎಷ್ಟರ ಮಟ್ಟಿಗೆ ಅಂದರೆ, ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನು ಕಂಪನಿ ಸೆಕ್ರೆಟರಿಯ ಮೂಲಕ ಹೇಳಿಕಳಿಸುತ್ತಿದ್ದರು. ಆಗಲೂ ಕಂಪನಿ ಒಳ್ಳೆಯ ಲಾಭ ಮಾಡುತ್ತಿತ್ತು. ಆದರೂ ಕೋರ್ಟ್ ಮುಚ್ಚಲು ಹೇಳಿತು. ಇದೊಂದು ಪಾಲುದಾರಿಕೆಯೇ ಆಗಿದ್ದರೆ ಮುರಿದುಹಾಕುತ್ತಿದ್ದೆವು, ಹೆಸರಿಗೆ ಕಂಪನಿ ಅನ್ನುವ ಕಾರಣಕ್ಕೆ ಬೇರೆ ನ್ಯಾಯ ಯಾಕೆ ಅನ್ನುವುದು ಅದರ ತರ್ಕ. ಆ ಸೆಕ್ರೆಟರಿಯ ಕುರ್ಚಿಯಲ್ಲಿ ನಾನೂ ಕೂತಿದ್ದೇನೆ. ಪಕ್ಕದ ಕೋಣೆಯಲ್ಲಿರುವ ಮನುಷ್ಯನಿಗೆ ಇಮೇಲ್ ಮಾಡಿ ‘ಅವರಿಗೆ ತಿಳಿಸಿ’ ಅನ್ನುವ ಮಾತು ಕೇಳುವುದು ಬಹಳ ಸಂಕಟದ ಕೆಲಸ.

ಎರಡನೆಯದು 1972ರ ಇಬ್ರಾಹಿಮಿ ಕೇಸು. ನಮ್ಮ ಪೀಣ್ಯದ ಅಣ್ಣತಮ್ಮಂದಿರ ಕಥೆಗೆ ಇದೇ ಹತ್ತಿರ. ರತ್ನಗಂಬಳಿ ಮಾರುತ್ತಿದ್ದ ಇಬ್ಬರು ಪಾಲುದಾರರು ತಮ್ಮ ವ್ಯಾಪಾರವನ್ನು ಕಂಪನಿಯಾಗಿ ಮಾಡಿದರು, 500 ಷೇರು ಒಬ್ಬರಿಗೆ, 500 ಇನ್ನೊಬ್ಬರಿಗೆ. ಒಬ್ಬರ ಮಗ ಬಂದಾಗ ಇಬ್ಬರೂ ತಲಾ 100 ಷೇರು ಆ ಹುಡುಗನಿಗೆ ಕೊಟ್ಟರು. ಆಮೇಲೆ ಅಪ್ಪ ಮಗ ಸೇರಿ ಇಬ್ರಾಹಿಮಿಯನ್ನೇ ಡೈರೆಕ್ಟರ್ ಸ್ಥಾನದಿಂದ ತೆಗೆದರು. ಅಲ್ಲೂ ಡಿವಿಡೆಂಡ್ ಇರಲಿಲ್ಲ, ಲಾಭವೆಲ್ಲ ಸಂಬಳವಾಗಿ ಹೋಗುತ್ತಿತ್ತು. ತೆಗೆದದ್ದು ಕಾನೂನಿನ ಪ್ರಕಾರ ಸರಿಯಾಗಿಯೇ ಇತ್ತು. ಆದರೂ ಆಗ ಅಲ್ಲಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಕಂಪನಿ ಮುಚ್ಚಲು ಹೇಳಿತು. ಕಂಪನಿಯ ಹಿಂದೆ ಮನುಷ್ಯರಿದ್ದಾರೆ, ಅವರ ನಡುವೆ ಷೇರಿನ ಲೆಕ್ಕಕ್ಕೆ ಸಿಗದ ನಂಬಿಕೆ ಇರಬಹುದು, ಅದನ್ನೂ ನೋಡಬೇಕು ಎಂದಿತು. ಆ ನಂಬಿಕೆಯ ಗುರುತುಗಳು ಮೂರು. ವೈಯಕ್ತಿಕ ನಂಟಿನ ಮೇಲೆ ಶುರುವಾದ ವ್ಯಾಪಾರ, ಎಲ್ಲರೂ ಅಥವಾ ಕೆಲವರಾದರೂ ಕೆಲಸದಲ್ಲಿ ಕೈಜೋಡಿಸುವ ಒಪ್ಪಂದ, ಷೇರು ಹೊರಗೆ ಮಾರಲು ಅಡ್ಡಿ.

ಹಾಗಾದರೆ ನಮ್ಮ ತಮ್ಮ ಗೆದ್ದ ಹಾಗೇ ಅಲ್ವಾ? ಅಷ್ಟು ಸುಲಭ ಅಲ್ಲ. ನಮ್ಮ ಸುಪ್ರೀಂ ಕೋರ್ಟ್ ಈ ತತ್ವವನ್ನು ಒಪ್ಪಿದೆ, ಆದರೆ ಕೈ ಬಿಗಿಹಿಡಿದು ಬಳಸುತ್ತದೆ. 1976ರ ಹಿಂದ್ ಓವರ್ಸೀಸ್ ಕೇಸಿನಲ್ಲಿ ಮುಚ್ಚಲು ನಿರಾಕರಿಸಿತು. ಕಂಪನಿ ನಿಜವಾಗಿಯೂ ಪಾಲುದಾರಿಕೆಯ ಹಾಗೆ ಇತ್ತು ಎಂದು ತೋರಿಸಬೇಕು, ಬೇರೆ ಪರಿಹಾರ ಇದ್ದರೆ ಅದನ್ನು ನೋಡಬೇಕು ಎಂದಿತು. 1996ರ ಕಿಲ್‌ಪೆಸ್ಟ್ ಕೇಸಿನಲ್ಲೂ ಅದೇ ಎಚ್ಚರಿಕೆ. ಕುಟುಂಬದ ಕಂಪನಿ ಅಂದಾಕ್ಷಣ ಪಾಲುದಾರಿಕೆ ಆಗಿಬಿಡುವುದಿಲ್ಲ.

ಇನ್ನೊಂದು ಗೆರೆ 1924ರ ಲಾಕ್ ಕೇಸಿನಿಂದ ಬಂದದ್ದು. ಅಪನಂಬಿಕೆ ಇದ್ದರೆ ಸಾಲದು. ಕಂಪನಿ ನಡೆಸುವ ರೀತಿಯಲ್ಲಿ ಪ್ರಾಮಾಣಿಕತೆ ಇಲ್ಲ ಅನ್ನುವುದರಿಂದ ಆ ಅಪನಂಬಿಕೆ ಹುಟ್ಟಿರಬೇಕು. ಮತದಲ್ಲಿ ಸೋತೆ, ಹೊಸ ಮೆಷಿನ್ ಬೇಡ ಅಂದರೂ ಕೊಂಡರು, ನನ್ನನ್ನು ಕೇಳದೆ ಬ್ರಾಂಚ್ ತೆರೆದರು. ಇವೆಲ್ಲ ನೋವಿನ ಸಂಗತಿಗಳೇ, ಮುಚ್ಚಿಸುವ ಕಾರಣಗಳಲ್ಲ.

ತೂಕ ಇರುವ ಕಾರಣಗಳು ಹೀಗಿರುತ್ತವೆ. ಎರಡು ಕಡೆಗೂ ಸಮ ಮತ ಇದ್ದು ಯಾವ ತೀರ್ಮಾನವೂ ಆಗದೆ ಕಂಪನಿ ಕಗ್ಗಂಟಿನಲ್ಲಿ ಸಿಕ್ಕಿಕೊಳ್ಳುವುದು. ಕಂಪನಿ ಹುಟ್ಟಿದ ಉದ್ದೇಶವೇ ಇಲ್ಲವಾಗುವುದು, ಉದಾಹರಣೆಗೆ ಒಂದೇ ಲೈಸೆನ್ಸ್ ನಂಬಿ ಶುರುವಾದ ಕಂಪನಿಯ ಲೈಸೆನ್ಸ್ ಹೋಗಿಬಿಡುವುದು. ನಂಬಿಕೆಯ ಮೇಲೆ ಕಟ್ಟಿದ ಕಂಪನಿಯಿಂದ ಒಬ್ಬನನ್ನು ಬರಿಗೈಯಲ್ಲಿ ಹೊರಹಾಕುವುದು. ನಡೆಸುವವರು ಕಂಪನಿಯ ದುಡ್ಡನ್ನು ಸ್ವಂತದ ಹಾಗೆ ಬಳಸುವುದು, ಅದನ್ನು ಒಳಗಿನಿಂದ ಸರಿಪಡಿಸಲು ಮತದ ಬಲ ಇಲ್ಲದಿರುವುದು.

ಇಷ್ಟಾದರೂ ಒಂದು ತಡೆ ಉಳಿಯುತ್ತದೆ. 273ನೇ ಸೆಕ್ಷನ್ ಹೇಳುತ್ತದೆ: ನಿಮಗೆ ಬೇರೆ ಪರಿಹಾರ ಇದೆ, ಅದನ್ನು ಬಿಟ್ಟು ಮುಚ್ಚಿಸಲು ಹಟ ಹಿಡಿಯುವುದು ಸರಿಯಲ್ಲ ಎಂದು ಟ್ರಿಬ್ಯುನಲ್‌ಗೆ ಅನ್ನಿಸಿದರೆ ಅರ್ಜಿ ತಳ್ಳಬಹುದು. ಎದುರು ಪಕ್ಷದ ವಕೀಲರ ಮೊದಲ ಮಾತೇ ಇದಾಗಿರುತ್ತದೆ.

ಎರಡನೇ ದಾರಿ: ಕಂಪನಿ ಉಳಿಯಲಿ, ಅನ್ಯಾಯ ನಿಲ್ಲಲಿ

ಆ ‘ಬೇರೆ ಪರಿಹಾರ’ 242ನೇ ಸೆಕ್ಷನ್‌ನಲ್ಲಿದೆ. ಇಲ್ಲಿ ಟ್ರಿಬ್ಯುನಲ್‌ನ ಕೈ ಬಹಳ ಉದ್ದ. ಒಬ್ಬರ ಷೇರನ್ನು ಇನ್ನೊಬ್ಬರು ಅಥವಾ ಕಂಪನಿಯೇ ಕೊಳ್ಳಬೇಕು ಎಂದು ಹೇಳಬಹುದು. ಡೈರೆಕ್ಟರನ್ನು, ಮ್ಯಾನೇಜಿಂಗ್ ಡೈರೆಕ್ಟರನ್ನು ತೆಗೆಯಬಹುದು. ಅವರು ಅಕ್ರಮವಾಗಿ ಪಡೆದ ಲಾಭ ವಾಪಸ್ ತರಿಸಬಹುದು. ಒಪ್ಪಂದಗಳನ್ನು ರದ್ದು ಮಾಡಬಹುದು. ಮುಂದೆ ಕಂಪನಿ ಹೇಗೆ ನಡೆಯಬೇಕು ಎಂದು ನಿಯಮ ಹಾಕಬಹುದು. ಕೇಸು ನಡೆಯುವಾಗಲೇ ಮಧ್ಯಂತರ ಆದೇಶ ಕೊಡಬಹುದು. ಆಸ್ತಿ ಮಾರಬೇಡಿ, ಹೊಸ ಷೇರು ಹಂಚಬೇಡಿ ಅನ್ನುವ ಒಂದು ಆದೇಶ ಸಮಯಕ್ಕೆ ಸಿಕ್ಕರೆ ಅರ್ಧ ಯುದ್ಧ ಗೆದ್ದ ಹಾಗೆ.

ಈಗ ಆ ಕೀಲಿಯ ಮಾತು. 242ರಲ್ಲಿ ಪರಿಹಾರ ಸಿಗಬೇಕಾದರೆ ಎರಡು ಸಂಗತಿ ತೋರಿಸಬೇಕು. ಕಂಪನಿಯ ವ್ಯವಹಾರ ನಿಮಗೆ ದಬ್ಬಾಳಿಕೆಯಾಗುವಂತೆ ಅಥವಾ ಹಾನಿಯಾಗುವಂತೆ ನಡೆದಿದೆ ಅನ್ನುವುದು ಒಂದು. ನಡೆದಿರುವುದನ್ನು ನೋಡಿದರೆ ಕಂಪನಿ ಮುಚ್ಚುವುದೇ ನ್ಯಾಯವಾಗಿತ್ತು, ಆದರೆ ಮುಚ್ಚಿದರೆ ನಿಮಗೇ ನಷ್ಟ ಅನ್ನುವುದು ಎರಡು. ಅಂದರೆ ಕಂಪನಿ ಉಳಿಸಿ ಎಂದು ಕೇಳುವವನೂ ಅದು ಮುಚ್ಚಲು ತಕ್ಕ ಸ್ಥಿತಿಗೆ ಬಂದಿದೆ ಎಂದು ಮೊದಲು ತೋರಿಸಬೇಕು. ತುಂಬ ಅರ್ಜಿಗಳು ಬೀಳುವುದು ಇಲ್ಲೇ. ನೂರು ಪುಟ ದೂರು ಇರುತ್ತದೆ, ಈ ಎರಡನೇ ಸಂಗತಿಯ ಬಗ್ಗೆ ಒಂದು ಪ್ಯಾರಾ ಕೂಡ ಇರುವುದಿಲ್ಲ.

ಟಾಟಾ ಸನ್ಸ್ ಮತ್ತು ಸೈರಸ್ ಮಿಸ್ತ್ರಿ ಜಗಳವನ್ನು ಎಲ್ಲರೂ ಪತ್ರಿಕೆಗಳಲ್ಲಿ ಓದಿದ್ದೇವೆ. 2016ರ ಅಕ್ಟೋಬರಿನಲ್ಲಿ ಮಿಸ್ತ್ರಿಯವರನ್ನು ಅಧ್ಯಕ್ಷ ಸ್ಥಾನದಿಂದ ತೆಗೆದರು. 2018ರಲ್ಲಿ ಎನ್‌ಸಿಎಲ್‌ಟಿಯ ಮುಂಬೈ ಪೀಠ ಅವರ ಕಡೆಯವರ ಅರ್ಜಿ ವಜಾ ಮಾಡಿತು. 2019ರ ಡಿಸೆಂಬರಿನಲ್ಲಿ ಮೇಲ್ಮನವಿ ಟ್ರಿಬ್ಯುನಲ್ ಅವರ ಪರ ನಿಂತಿತು. 2021ರ ಮಾರ್ಚ್ 26ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಅಧಿಕಾರದಿಂದ ತೆಗೆದದ್ದು ಒಂದನ್ನೇ ದಬ್ಬಾಳಿಕೆ ಅನ್ನಲಾಗದು, ಕಂಪನಿ ಮುಚ್ಚುವುದು ನ್ಯಾಯ ಅನ್ನುವಷ್ಟು ಕಾರಣ ಕಾಣದಿದ್ದರೆ 242ರ ಪರಿಹಾರವೂ ಇಲ್ಲ ಅನ್ನುವುದು ಆ ತೀರ್ಪಿನ ಸಾರ. ಟಾಟಾ ಸನ್ಸ್ ಪಾಲುದಾರಿಕೆಯಂಥ ಕಂಪನಿ ಅನ್ನುವ ವಾದವನ್ನೂ ಒಪ್ಪಲಿಲ್ಲ. ಪೀಣ್ಯದ ತಮ್ಮನ ಸ್ಥಿತಿ ಇದಕ್ಕಿಂತ ಗಟ್ಟಿ ಅಂತ ನನಗೆ ಅನ್ನಿಸುವುದು ಅದಕ್ಕೇ. ಅವನು ಕಳೆದುಕೊಂಡದ್ದು ಬರೀ ಕುರ್ಚಿಯನ್ನಲ್ಲ. ಡಿವಿಡೆಂಡ್ ಇಲ್ಲದ ಕಂಪನಿಯಲ್ಲಿ ಸಂಬಳ ನಿಂತರೆ ಪಾಲಿನ ಪ್ರತಿಫಲವೇ ನಿಂತ ಹಾಗೆ.

ಮತದ ಬಲ ಬದಲಿಸಲು ಹೊಸ ಷೇರು ಹಂಚಿಕೊಳ್ಳುವುದು ಇನ್ನೊಂದು ಹಳೆಯ ತಂತ್ರ. ಇದರಲ್ಲಿ ಷೇರುದಾರನ ಕೈ ಬಲವಾಗಿದೆ. 2005ರ ಡೇಲ್ ಅಂಡ್ ಕ್ಯಾರಿಂಗ್ಟನ್ ಕೇಸಿನಲ್ಲಿ ಮ್ಯಾನೇಜಿಂಗ್ ಡೈರೆಕ್ಟರ್ ತನಗೇ ಷೇರು ಹಂಚಿಕೊಂಡು, ಬಹುಮತ ಇದ್ದವರನ್ನು ಅಲ್ಪಮತಕ್ಕೆ ಇಳಿಸಿದ್ದರು. ಸುಪ್ರೀಂ ಕೋರ್ಟ್ ಆ ಹಂಚಿಕೆಯನ್ನು ಉಳಿಸಲಿಲ್ಲ.

ದಬ್ಬಾಳಿಕೆ ಸಾಬೀತಾಗದಿದ್ದರೂ ಕೆಲವೊಮ್ಮೆ ನ್ಯಾಯ ಸಿಗುತ್ತದೆ. ನೀಲಗಿರಿಯ ನೀಡಲ್ ಇಂಡಸ್ಟ್ರೀಸ್ ಕೇಸಿನಲ್ಲಿ, 1981ರಲ್ಲಿ, ದಬ್ಬಾಳಿಕೆ ಕಾಣಲಿಲ್ಲ ಎಂದ ಮೇಲೂ ಸುಪ್ರೀಂ ಕೋರ್ಟ್ ಇನ್ನೊಂದು ಪಕ್ಷಕ್ಕೆ ಆದ ನಷ್ಟ ತುಂಬಿಕೊಡಲು ಹೇಳಿತು. 1956ರ ರಾಜಮಂಡ್ರಿ ವಿದ್ಯುತ್ ಕಂಪನಿ ಕೇಸೂ ನೆನಪಿಡಬೇಕಾದದ್ದು. ಅಲ್ಲಿ ನಡೆಸುವವರ ಮೇಲೆ ಗಂಭೀರ ದೂರುಗಳಿದ್ದವು. ಆದರೆ ಕಂಪನಿ ಮುಚ್ಚುವ ಬದಲು ಆಡಳಿತಗಾರರನ್ನು ನೇಮಿಸಿದ್ದರು, ಸುಪ್ರೀಂ ಕೋರ್ಟ್ ಅದನ್ನೇ ಸರಿ ಎಂದಿತು.

ಯಾರು ಅರ್ಜಿ ಹಾಕಬಹುದು?

ಇಲ್ಲಿ ಎರಡೂ ದಾರಿಗಳು ಬೇರೆಯಾಗುತ್ತವೆ. 241ಕ್ಕೆ 244ನೇ ಸೆಕ್ಷನ್‌ನ ಅರ್ಹತೆ ಬೇಕು. ಕಂಪನಿಯ ಷೇರು ಬಂಡವಾಳದ ಹತ್ತನೇ ಒಂದು ಭಾಗ ನಿಮ್ಮದಿರಬೇಕು. ಇಲ್ಲವೇ 100 ಸದಸ್ಯರು ಅಥವಾ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಬೇಕು. ನಾಲ್ಕೈದು ಜನ ಇರುವ ಕುಟುಂಬದ ಕಂಪನಿಯಲ್ಲಿ ಒಬ್ಬರೇ ಹೋದರೂ ತಲೆ ಲೆಕ್ಕದಲ್ಲಿ ಅರ್ಹತೆ ಸಿಗುತ್ತದೆ. ದೊಡ್ಡ ಕಂಪನಿಯಲ್ಲಿ ಎಚ್ಚರ ಬೇಕು. ಮಿಸ್ತ್ರಿ ಪಕ್ಷಕ್ಕೆ ಈಕ್ವಿಟಿಯಲ್ಲಿ, ಅಂದರೆ ಸಾಮಾನ್ಯ ಷೇರುಗಳಲ್ಲಿ, ಶೇಕಡ 18ಕ್ಕೂ ಜಾಸ್ತಿ ಪಾಲಿತ್ತು. ಡಿವಿಡೆಂಡ್ ಮೊದಲು ಪಡೆಯುವ ಆದ್ಯತಾ ಷೇರುಗಳನ್ನೂ ಸೇರಿಸಿ ಲೆಕ್ಕ ಹಾಕಿದಾಗ ಹತ್ತಕ್ಕಿಂತ ಕೆಳಗೆ ಬಂತು, ವಿನಾಯಿತಿ ಪಡೆದೇ ಮುಂದೆ ಹೋಗಬೇಕಾಯಿತು.

ಮುಚ್ಚಿಸುವ ಅರ್ಜಿಗೆ ಈ ಹತ್ತರ ಲೆಕ್ಕ ಇಲ್ಲ. ಆದರೆ ಷೇರು ನಿಮ್ಮ ಹೆಸರಿನಲ್ಲಿ ಒಂದಷ್ಟು ಕಾಲ ಇರಬೇಕು. ಮೊದಲೇ ನಿಮಗೆ ಹಂಚಿಕೆಯಾದದ್ದು, ಅಥವಾ ಹಿಂದಿನ 18 ತಿಂಗಳಲ್ಲಿ ಕನಿಷ್ಠ 6 ತಿಂಗಳು ನಿಮ್ಮಲ್ಲಿದ್ದದ್ದು, ಅಥವಾ ಹಿಂದಿನ ಷೇರುದಾರರು ತೀರಿಕೊಂಡು ನಿಮಗೆ ಬಂದದ್ದು ಆಗಿರಬೇಕು. ಅಪ್ಪ ಹೋದ ಮೇಲೆ ಷೇರು ಬಂದ ಹೆಣ್ಣುಮಕ್ಕಳಿಗೆ ‘ನೀನು ಕಂಪನಿಯವಳಲ್ಲ’ ಎಂದು ಹೇಳಿ ಸುಮ್ಮನಾಗಿಸುವುದನ್ನು ನೋಡಿದ್ದೇನೆ. ಅದು ತಪ್ಪು, ಕಾನೂನು ಅವರನ್ನು ಹೊರಗಿಟ್ಟಿಲ್ಲ.

ಆದೇಶ ಬಂದ ಮಾರನೇ ದಿನ

ಹೋಲಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಆದರೆ ಯಾರೂ ಇದನ್ನು ಮೊದಲು ಕೇಳುವುದಿಲ್ಲ.

ಮುಚ್ಚುವ ಆದೇಶ ಬಂದರೆ ಕಂಪನಿ ಲಿಕ್ವಿಡೇಟರ್, ಅಂದರೆ ಆಸ್ತಿ ಮಾರಿ ಬಾಕಿ ತೀರಿಸಲು ನೇಮಿಸಿದವರ, ಕೈಗೆ ಹೋಗುತ್ತದೆ. ಅಣ್ಣನ ಕೈಯಿಂದ ಹೋಗುತ್ತದೆ ನಿಜ, ಆದರೆ ತಮ್ಮನ ಕೈಗೂ ಬರುವುದಿಲ್ಲ. ವ್ಯಾಪಾರ ಮುಂದುವರಿಸಲು ಅವಕಾಶ ಕೊಟ್ಟಿರದಿದ್ದರೆ, ಆ ಆದೇಶವೇ ನೌಕರರಿಗೆಲ್ಲ ಕೆಲಸ ಹೋದ ನೋಟಿಸ್. ಇಪ್ಪತ್ತು ವರ್ಷ ಲೇತ್ ಮುಂದೆ ನಿಂತವರಿಗೆ ಅಣ್ಣತಮ್ಮಂದಿರ ಜಗಳದಲ್ಲಿ ಯಾವ ಪಾತ್ರವೂ ಇರಲಿಲ್ಲ. ಮೆಷಿನ್, ಶೆಡ್ಡು ಮಾರಾಟಕ್ಕೆ ಬರುತ್ತವೆ. ನಡೆಯುವ ಕಾರ್ಖಾನೆಯ ಬೆಲೆ ಬೇರೆ, ಬೀಗ ಹಾಕಿದ ಕಾರ್ಖಾನೆಯ ಸಾಮಾನಿನ ಬೆಲೆ ಬೇರೆ. ಬಂದ ದುಡ್ಡಿನಲ್ಲಿ ಲಿಕ್ವಿಡೇಶನ್ ಖರ್ಚು, ಕಾರ್ಮಿಕರ ಬಾಕಿ, ಬ್ಯಾಂಕಿನ ಸಾಲ, ಸರ್ಕಾರದ ಬಾಕಿ, ಸಪ್ಲೈಯರ್‌ಗಳ ಬಾಕಿ ಎಲ್ಲ ಹೋಗಿ ಮಿಕ್ಕಿದ್ದು ಷೇರುದಾರರಿಗೆ. ಷೇರುದಾರ ಸಾಲಿನ ಕೊನೆಯಲ್ಲಿ ನಿಲ್ಲುತ್ತಾನೆ.

ಬ್ಯಾಂಕಿಗೆ ಕೊಟ್ಟ ವೈಯಕ್ತಿಕ ಗ್ಯಾರಂಟಿ ಮಾತ್ರ ಕಂಪನಿಯ ಜೊತೆ ಸಾಯುವುದಿಲ್ಲ. ಆಸ್ತಿ ಮಾರಿ ಸಾಲ ಪೂರ್ತಿ ತೀರದಿದ್ದರೆ ಬ್ಯಾಂಕು ಗ್ಯಾರಂಟಿ ಕೊಟ್ಟವರ ಮನೆಗೇ ಬರುತ್ತದೆ. ಡೈರೆಕ್ಟರ್ ಸ್ಥಾನ ಬಿಟ್ಟು ಎಷ್ಟೋ ವರ್ಷ ಆದವರೂ ಗ್ಯಾರಂಟಿ ಕಾಗದದಿಂದ ಹೊರಬಂದಿರುವುದಿಲ್ಲ. ಯಾವ ಅರ್ಜಿಗೂ ಸಹಿ ಹಾಕುವ ಮೊದಲು ಆ ಕಾಗದ ಹುಡುಕಿ ಓದಿ.

242ರ ಆದೇಶದಲ್ಲಿ ಹಾಗಾಗುವುದಿಲ್ಲ. ತಮ್ಮನ ಷೇರನ್ನು ಅಣ್ಣ ಕೊಳ್ಳಬೇಕು ಎಂದಾದರೆ ನಡೆಯುವ ಕಂಪನಿಗೇ ಬೆಲೆ ಕಟ್ಟುತ್ತಾರೆ. ಆರ್ಡರ್ ಬುಕ್, ಗಿರಾಕಿಗಳ ನಂಬಿಕೆ ಎಲ್ಲಕ್ಕೂ ಬೆಲೆ ಬರುತ್ತದೆ. ಇಲ್ಲೂ ಜಗಳ ಮುಗಿಯಿತು ಅಂತಲ್ಲ. ಯಾವ ತಾರೀಖಿನ ಬೆಲೆ, ಯಾರು ಕಟ್ಟಬೇಕು, ಕಂಪನಿಯಿಂದ ಆಚೆ ಸಾಗಿಸಿದ ದುಡ್ಡನ್ನು ಸೇರಿಸಿ ಲೆಕ್ಕ ಹಾಕಬೇಕಾ, ಇವುಗಳ ಮೇಲೆ ಜಗ್ಗಾಟ ಇದ್ದೇ ಇರುತ್ತದೆ. ಹಾಗಾಗಿ ಅರ್ಜಿಯಲ್ಲೇ ಬೆಲೆಯ ತಾರೀಖನ್ನೂ, ಗ್ಯಾರಂಟಿಯಿಂದ ಬಿಡುಗಡೆಯನ್ನೂ ಕೇಳಿಬಿಡಬೇಕು.

ಸಮಯದ ವಿಷಯದಲ್ಲಿ ಎರಡರಲ್ಲೂ ಅವಸರಕ್ಕೆ ಜಾಗ ಇಲ್ಲ. ಮುಚ್ಚುವ ಅರ್ಜಿಯನ್ನು 90 ದಿನಗಳಲ್ಲಿ ತೀರ್ಮಾನಿಸಬೇಕು ಎಂದು ಕಾಯಿದೆಯಲ್ಲಿದೆ. ಎದುರು ಪಕ್ಷ ಗಟ್ಟಿಯಾಗಿ ನಿಂತರೆ ಆ ಲೆಕ್ಕ ನಂಬಿಕೊಳ್ಳಬೇಡಿ. ಬೆಂಗಳೂರು ಪೀಠದ ಆದೇಶದ ಮೇಲೆ ಚೆನ್ನೈನ ಮೇಲ್ಮನವಿ ಪೀಠಕ್ಕೆ 45 ದಿನದೊಳಗೆ ಹೋಗಬಹುದು, ಅಲ್ಲಿಂದ ಕಾನೂನಿನ ಪ್ರಶ್ನೆ ಇದ್ದರೆ ಸುಪ್ರೀಂ ಕೋರ್ಟಿಗೆ.

ಸಣ್ಣ ದಾರಿಗಳು, ಒಂದೆರಡು ಬಲೆಗಳು

ಜಗಳ ಬರೀ ಮೀಟಿಂಗಿನದ್ದಾದರೆ ದೊಡ್ಡ ಅರ್ಜಿ ಬೇಡ. ಶೇಕಡ 10 ಮತ ಇರುವವರು ವಿಶೇಷ ಸಭೆ ಕರೆಯಿರಿ ಎಂದು ಬೋರ್ಡಿಗೆ ಬರೆದುಕೊಡಬಹುದು. 21 ದಿನದೊಳಗೆ ಬೋರ್ಡ್ ಆ ಕೆಲಸ ಶುರುಮಾಡದಿದ್ದರೆ ಅವರೇ ಸಭೆ ಕರೆಯಬಹುದು. ಇಬ್ಬರೇ ಷೇರುದಾರರಿದ್ದು ಒಬ್ಬರು ಬೇಕಂತಲೇ ಬರದೆ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ತಪ್ಪಿಸುತ್ತಿದ್ದರೆ 98ನೇ ಸೆಕ್ಷನ್ ನೋಡಿ. ಸಭೆ ಕರೆಸಿ, ಒಬ್ಬರೇ ಬಂದರೂ ಅದು ಸಭೆಯೇ ಎಂದು ಟ್ರಿಬ್ಯುನಲ್ ಹೇಳಬಹುದು. ಈ ಸೆಕ್ಷನ್ ಇದೆ ಅನ್ನುವುದೇ ಬಹಳ ಜನರಿಗೆ ಗೊತ್ತಿಲ್ಲ.

ಷೇರುದಾರರ ಒಪ್ಪಂದದಲ್ಲಿ ಮಧ್ಯಸ್ಥಿಕೆಯ (ಆರ್ಬಿಟ್ರೇಶನ್, ಅಂದರೆ ಕೋರ್ಟಿನ ಬದಲು ಮಧ್ಯಸ್ಥಗಾರರು ತೀರ್ಪು ಕೊಡುವ) ಷರತ್ತು ಇದ್ದರೆ ಎಚ್ಚರಿಕೆಯಿಂದ ಯೋಚಿಸಿ. ಕಂಪನಿ ಮುಚ್ಚುವ ಅಧಿಕಾರ ಮಧ್ಯಸ್ಥಗಾರರಿಗೆ ಇಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ದಬ್ಬಾಳಿಕೆಯ ಅರ್ಜಿಯೂ ಸಾಮಾನ್ಯವಾಗಿ ಟ್ರಿಬ್ಯುನಲ್‌ದೇ. ಆದರೆ ನಿಜವಾದ ಜಗಳ ಒಪ್ಪಂದದ ಷರತ್ತು ಮುರಿದದ್ದೇ ಆಗಿದ್ದು, ಅದಕ್ಕೆ ದಬ್ಬಾಳಿಕೆಯ ಬಣ್ಣ ಹಚ್ಚಿದ್ದೀರಿ ಎಂದು ಕಂಡರೆ ಮಧ್ಯಸ್ಥಿಕೆಗೇ ಕಳಿಸಬಹುದು. ರಾಜಿಗೆ ಕೂರುವ ಬಾಗಿಲು ಯಾವಾಗಲೂ ತೆರೆದಿರುತ್ತದೆ. ಕೇಸು ನಡೆಯುವಾಗಲೂ 442ನೇ ಸೆಕ್ಷನ್‌ನಡಿ ಸಂಧಾನಕಾರರ ಹತ್ತಿರ ಕಳಿಸಿ ಎಂದು ಕೇಳಬಹುದು.

ಇಬ್ಬರೂ ಮುಚ್ಚಲು ಒಪ್ಪಿದರೆ ಕೋರ್ಟಿನ ಜಗಳವೇ ಬೇಡ. ಸಾಲ ತೀರಿಸುವ ಶಕ್ತಿ ಇರುವ ಕಂಪನಿಗೆ ದಿವಾಳಿ ಸಂಹಿತೆಯ 59ನೇ ಸೆಕ್ಷನ್‌ನಡಿ ಸ್ವಯಂ ಲಿಕ್ವಿಡೇಶನ್ ಇದೆ. ಆಸ್ತಿಯೂ ಇಲ್ಲ, ಬಾಕಿಯೂ ಇಲ್ಲ ಅಂದರೆ ರಿಜಿಸ್ಟ್ರಾರ್ ಪಟ್ಟಿಯಿಂದ ಹೆಸರು ತೆಗೆಸಿದರೆ ಸಾಕು.

ಒಂದು ಬಲೆಯ ಬಗ್ಗೆ ಹೇಳಲೇಬೇಕು. ‘ನೀವು ಕಂಪನಿಗೆ ಸಾಲ ಕೊಟ್ಟಿದ್ದೀರಲ್ಲ, ಅದನ್ನೇ ಹಿಡಿದು ದಿವಾಳಿ ಅರ್ಜಿ ಹಾಕಿ, ಬೇಗ ಬಗ್ಗುತ್ತಾರೆ’ ಎಂದು ಸಲಹೆ ಕೊಡುವವರಿದ್ದಾರೆ. ಕನಿಷ್ಠ 1 ಕೋಟಿ ರೂಪಾಯಿ ಬಾಕಿ ಇರಬೇಕು ಅನ್ನುವುದು ಹಾಗಿರಲಿ. ಸಾಲ ವಸೂಲಿಯ ದಾರಿಯನ್ನು ಮನೆಜಗಳದ ಆಯುಧ ಮಾಡಿದರೆ, ದುರುದ್ದೇಶದ ಅರ್ಜಿ ಎಂದು 1 ಲಕ್ಷದಿಂದ 1 ಕೋಟಿವರೆಗೆ ದಂಡ ಬೀಳಬಹುದು. ಇನ್ನು ಅರ್ಜಿ ಅಂಗೀಕಾರವಾದರೆ ಕಂಪನಿ ನಿಮ್ಮಿಬ್ಬರ ಕೈಯಿಂದಲೂ ಜಾರಿ ಸಾಲ ಕೊಟ್ಟವರ ಸಮಿತಿಗೆ ಹೋಗುತ್ತದೆ.

ನಿಮ್ಮದು ಕಂಪನಿಯೇ ಅಲ್ಲ, ಪಾಲುದಾರಿಕೆ ಸಂಸ್ಥೆ ಅಂದರೆ ಲೆಕ್ಕ ಬೇರೆ. ಅವಧಿ ಗೊತ್ತುಮಾಡದ, ಇಷ್ಟ ಇರುವವರೆಗಿನ ಪಾಲುದಾರಿಕೆಯನ್ನು ಒಂದು ಲಿಖಿತ ನೋಟಿಸ್ ಕೊಟ್ಟು ಮುರಿಯಬಹುದು. ಉಳಿದದ್ದಕ್ಕೆ 1932ರ ಪಾಲುದಾರಿಕೆ ಕಾಯಿದೆಯ 44ನೇ ಸೆಕ್ಷನ್‌ನಡಿ ಸಿವಿಲ್ ಕೋರ್ಟಿಗೆ ಹೋಗಬೇಕು. ಎಲ್‌ಎಲ್‌ಪಿಯಲ್ಲಿ, ಅಂದರೆ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯಲ್ಲಿ, ಮುಚ್ಚಿಸಲು ‘ನ್ಯಾಯ ಮತ್ತು ಸಮಂಜಸ’ ಕಾರಣ ಇದೆ, ಆದರೆ 241ರಂಥ ದಾರಿ ಅದರ ಕಾಯಿದೆಯಲ್ಲಿ ಇಲ್ಲ. ಹಾಗಾಗಿ ಎಲ್‌ಎಲ್‌ಪಿ ಮಾಡುವವರು ಹೊರಬರುವ ಷರತ್ತುಗಳನ್ನು ಒಪ್ಪಂದದಲ್ಲಿ ಮೊದಲೇ ಬರೆದುಕೊಳ್ಳಬೇಕು.

ಹಾಗಾದರೆ ಯಾರಿಗೆ ಯಾವುದು?

ಪೀಣ್ಯದ ತಮ್ಮನಿಗೆ ನಾನು ಹೇಳುವುದು 241. ಕಂಪನಿ ಲಾಭದಲ್ಲಿದೆ, ಕೊಳ್ಳುವ ಶಕ್ತಿ ಇರುವ ಅಣ್ಣ ಇದ್ದಾನೆ, ನಂಬಿಕೆಯ ಮೇಲೆ ಕಟ್ಟಿದ್ದಕ್ಕೆ ಇಪ್ಪತ್ತು ವರ್ಷಗಳ ದಾಖಲೆ ಇದೆ. ಮುಖ್ಯ ಬೇಡಿಕೆ ಷೇರಿಗೆ ನ್ಯಾಯವಾದ ಬೆಲೆ. ಅರ್ಜಿಯಲ್ಲಿ ಇಬ್ರಾಹಿಮಿ ಕೇಸಿನ ಮೂರು ಗುರುತುಗಳನ್ನೂ ಒಂದೊಂದಾಗಿ, ಕಾಗದದ ಸಮೇತ ತೋರಿಸಬೇಕು.

ಇದೇ ಕಂಪನಿಯಲ್ಲಿ 50:50 ಇದ್ದು, ಇಬ್ಬರಿಗೂ ಕೊಳ್ಳುವ ದುಡ್ಡಿಲ್ಲ, ಬ್ಯಾಂಕಿನ ಚೆಕ್ಕಿಗೆ ಜಂಟಿ ಸಹಿ ಬೇಕು, ಒಬ್ಬರು ಸಹಿ ಹಾಕುತ್ತಿಲ್ಲ, ಸಂಬಳ ನಿಂತಿದೆ ಅಂದರೆ ಮುಚ್ಚಿಸುವ ಅರ್ಜಿಗೆ ಅರ್ಥವಿದೆ. ದಿನ ಹೋದಷ್ಟೂ ಆಸ್ತಿ ಕರಗುತ್ತದೆ. ವ್ಯಾಪಾರ ನಿಂತುಹೋಗಿ, ಉಳಿದಿರುವುದು ಒಂದು ಸೈಟು ಮತ್ತು ಬ್ಯಾಂಕಿನಲ್ಲಿ ಡೆಪಾಸಿಟ್ ಮಾತ್ರ ಅನ್ನುವ ಕಂಪನಿಗೂ ಇದೇ ಸರಿ. ಅಲ್ಲಿ ಉಳಿಸಲು ಏನೂ ಇಲ್ಲ, ಹಂಚಲು ಮಾತ್ರ ಇದೆ.

ಬರೀ ಶೇಕಡ 3 ಅಥವಾ 4 ಪಾಲು ಇದ್ದು, ಯಾವತ್ತೂ ಕೆಲಸದಲ್ಲಿ ಇರಲಿಲ್ಲ, ಹೂಡಿಕೆ ಮಾತ್ರ ಅಂದರೆ ಎರಡೂ ದಾರಿ ಕಷ್ಟ. ಅಂಥವರು ಮೊದಲು ಮಾತುಕತೆಯಲ್ಲಿ ಷೇರು ಮಾರಲು ನೋಡಬೇಕು. ಮುಚ್ಚಿಸುತ್ತೇನೆ ಎಂದು ಬೆದರಿಸುವುದರಿಂದ ಬೆಲೆ ಏರುವುದಿಲ್ಲ. ಒತ್ತಡ ಹಾಕಲು ತಂದ ಅರ್ಜಿ ಎಂದು ಟ್ರಿಬ್ಯುನಲ್‌ಗೆ ಅನ್ನಿಸಿದರೆ ಇದ್ದ ನ್ಯಾಯವೂ ಕೈತಪ್ಪುತ್ತದೆ.

ಯಾವ ದಾರಿ ಹಿಡಿದರೂ ಒಂದು ಕೆಲಸ ಮಾತ್ರ ಮಾಡಬೇಡಿ: ಸಿಟ್ಟಿನಲ್ಲಿ ರಾಜೀನಾಮೆ ಕೊಡಬೇಡಿ. ಕಂಪನಿಯ ಲೆಕ್ಕದ ಪುಸ್ತಕ ನೋಡುವ ಹಕ್ಕು ಡೈರೆಕ್ಟರಿಗಿದೆ. ಬರೀ ಷೇರುದಾರನಾದರೆ ಷೇರುದಾರರ ಸಭೆಯ ಮಿನಿಟ್ಸ್ (ನಡಾವಳಿ ದಾಖಲೆ) ನೋಡಬಹುದು, ಬೋರ್ಡಿನದ್ದು ಕೇಳುವ ಹಕ್ಕಿಲ್ಲ. ಬೋರ್ಡ್ ಮೀಟಿಂಗಿಗೆ ಹೋಗದೆ ಮುನಿಸಿಕೊಂಡು ಮನೆಯಲ್ಲಿ ಕೂರಬೇಡಿ. 12 ತಿಂಗಳು ಒಂದು ಮೀಟಿಂಗಿಗೂ ಹೋಗದಿದ್ದರೆ ಸ್ಥಾನ ತಾನಾಗಿಯೇ ಹೋಗುತ್ತದೆ, ರಜೆ ಕೇಳಿದ್ದರೂ ಅಷ್ಟೇ. ಹೊಸ ಷೇರಿನ ಆಫರ್ ಪತ್ರ ಬಂದರೆ ಅವತ್ತೇ ತೆರೆದು ಓದಿ, ಗಡುವು ಕೆಲವೇ ದಿನ ಇರುತ್ತದೆ. ಕಾರ್ಪೊರೇಟ್ ಸಚಿವಾಲಯದ ಪೋರ್ಟಲ್‌ನಿಂದ ನಿಮ್ಮ ಕಂಪನಿಯ ವಾರ್ಷಿಕ ರಿಟರ್ನ್, ಷೇರು ಹಂಚಿಕೆ, ಡೈರೆಕ್ಟರ್ ಬದಲಾವಣೆಯ ಫಾರ್ಮುಗಳನ್ನು ಶುಲ್ಕ ಕಟ್ಟಿ ಇಳಿಸಿಕೊಳ್ಳಿ. ಎಷ್ಟೋ ಜನರಿಗೆ ತಮ್ಮ ಸಹಿ ತಾವು ಹಾಕದ ಕಾಗದದ ಮೇಲಿರುವುದು ಗೊತ್ತಾಗುವುದು ಆ ಫೈಲ್ ತೆರೆದಾಗಲೇ. ವಕೀಲರ ಹತ್ತಿರ ಹೋಗುವಾಗ ಆ ಫೈಲು, ಬ್ಯಾಂಕಿಗೆ ಕೊಟ್ಟ ಗ್ಯಾರಂಟಿಯ ಪ್ರತಿ, ಕಂಪನಿಯ ಆರ್ಟಿಕಲ್ಸ್ (ಒಳನಿಯಮಗಳು) ಈ ಮೂರೂ ನಿಮ್ಮ ಕೈಯಲ್ಲಿರಲಿ.